ಏಳು ರಾಣಿಯರನ್ನು ಹೆತ್ತವಳು

"ಕೇಳಿರಯ್ಯೋ ಕೇಳಿ! ಮಹಾರಾಣಿ ಹೊನ್ನಲದೇವಿಯವರು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಕೇಳಿದ ವರ, ತಪ್ಪಿದವರಿಗೆ ತಲೆದಂಡ!"

ಡಂಗುರ ಕೇಳಿ ಕಣಗಿಲೆಪುರ ಬೆಚ್ಚಿತು. ರಾಣಿಯ ಸಿಟ್ಟಿಗೆ ಕಾರಣವಿತ್ತು. ರಾಜ ತೀರಿಕೊಂಡ ವರ್ಷ ಶತ್ರುಗಳು ಮುತ್ತಿದಾಗ ನಾಲ್ಕು ತಿಂಗಳು ಕೋಟೆ ಕಾದವಳು ಅವಳು. ಐವತ್ತು ದಾಟಿದ, ಮೈಕೈ ತುಂಬಿದ, ಗಟ್ಟಿ ಗಂಟಲಿನ ಹೆಂಗಸು. ಆ ಗೆಲುವನ್ನು ಬರೆಯಿರಿ ಎಂದರೆ ಆಸ್ಥಾನಕವಿ ಅವಳನ್ನು ತಾವರೆಮೊಗ್ಗು ಮಾಡಿದ. ಚಿತ್ರಕಾರ ರಂಗೋಜ ಊರ ಗೋಡೆಗಳ ಮೇಲೆ ಹಿಡಿನಡುವಿನ ಬಾಲೆಯನ್ನು ಬರೆದು ಕೈಗೊಂದು ಗಿಳಿ ಕೊಟ್ಟ.

ಸಭೆ ಸೇರಿಸಿ ರಾಣಿ ಕೇಳಿದಳು: "ಊರಿಗೆಲ್ಲ ಗೊತ್ತಿರುವ ನನ್ನ ಮುಖ, ನನ್ನ ಕನ್ನಡಿಗೆ ಮಾತ್ರ ಗುರುತಿಲ್ಲ. ಯಾವುದು?"

"ಚಂದ್ರ, ದೇವೀ!" ಎಂದ ಕವಿ.

"ಚಂದ್ರನಿಗೆ ಇಷ್ಟು ದಪ್ಪ ಮೂಗುಂಟೇನಯ್ಯಾ? ಆಚೆ ನಿಲ್ಲು. ಎರಡನೆಯದು: ಹದಿನಾರು ದಾಟದವಳು, ಉಣ್ಣದೆ ಬದುಕುವವಳು, ಎದುರು ಮಾತಾಡದವಳು. ಯಾರು?"

"ನನ್ನ ಹೆಂಡತಿಯಂತೂ ಅಲ್ಲ," ಎಂದುಬಿಟ್ಟ ರಂಗೋಜ.

"ನಿನ್ನ ಮನೆ ಸುದ್ದಿ ಕೇಳಲಿಲ್ಲ. ನೀನೂ ನಿಲ್ಲು. ಮೂರನೆಯದು: ಏಳು ರಾಣಿಯರನ್ನು ಹೆತ್ತವಳು, ಮೈತುಂಬ ತೂತಿನವಳು. ಯಾರು?"

"ಜರಡಿ!" ಎಂದ ಮಂತ್ರಿಯೂ ಸಾಲಿಗೆ ಸೇರಿದ. ತಳವಾರ ಕತ್ತಿ ಮಸೆಯತೊಡಗಿದ.

ರಂಗೋಜನಿಗೆ ಬಣ್ಣ ಅರೆದುಕೊಡುವ ಆಳು ಸಂಕಣ್ಣ. ಯಜಮಾನನ ಕುತ್ತಿಗೆ ನೋಡಿ ಅವನಿಗೆ ಸುಮ್ಮನಿರಲಾಗಲಿಲ್ಲ. ಮುಂದೆ ಬಂದ.

"ತಾಯೀ, ಊರು ಬಲ್ಲ ಮುಖ ಗೋಡೆಯ ಚಿತ್ರದ್ದು. ಅದನ್ನು ನಿಮ್ಮ ಕನ್ನಡಿ ಯಾವತ್ತೂ ಕಂಡಿಲ್ಲ. ಹದಿನಾರು ದಾಟದವಳು ಕಾವ್ಯದ ರಾಣಿ. ಇನ್ನು ಏಳು ಹೆತ್ತವಳು..." ಅವನು ಯಜಮಾನನತ್ತ ನೋಡಿದ. "ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದ ಹಾಳೆ. ಅದನ್ನು ಗೋಡೆಗಿಟ್ಟು ಇದ್ದಿಲಪುಡಿ ತಟ್ಟಿದರೆ ರಾಣಿ ಮೂಡುತ್ತಾಳೆ. ನಿಮ್ಮ ಅತ್ತೆಯವರಿಗೂ ಅದೇ ಹಾಳೆ, ಅವರ ಅತ್ತೆಯವರಿಗೂ ಅದೇ, ಹೀಗೆ ಒಟ್ಟು ಏಳು ರಾಣಿಯರಿಗೆ. ಸೀರೆಯ ಬಣ್ಣ ಮಾತ್ರ ಬೇರೆ; ಅದನ್ನು ಅರೆದವರು ನಾನು, ನನ್ನಪ್ಪ, ನನ್ನಜ್ಜ."

ರಾಣಿ ಹೊಟ್ಟೆ ಹಿಡಿದು ನಕ್ಕಳು.

"ಮೂರೂ ಸರಿ! ಏನು ಬೇಕು?"

"ಈ ಮೂವರ ತಲೆ, ತಾಯೀ. ಅವರವರ ಹೆಗಲ ಮೇಲೆಯೇ."

ತಲೆಗಳು ಉಳಿದವು. ರಾಣಿ ಅಷ್ಟಕ್ಕೇ ಬಿಡದೆ ಸಂಕಣ್ಣನಿಗೆ ಕುಂಚವನ್ನೂ ಕೊಟ್ಟಳು. ಎದುರಿಗೆ ಕೂತು, "ಕಂಡದ್ದನ್ನು ಬರಿ," ಎಂದಳು.

ತಿಂಗಳ ಮೇಲೆ ಚಿತ್ರದ ಪರದೆ ಸರಿಯಿತು. ರಾಣಿ ಬಹಳ ಹೊತ್ತು ನೋಡಿದಳು.

"ಶುದ್ಧ ಜಗಳಗಂಟಿಯ ಹಾಗಿದ್ದಾಳಲ್ಲೋ ಇವಳು!"

"ಹೌದು ತಾಯೀ. ಅದಕ್ಕೇ ಕೋಟೆ ಉಳಿಯಿತು."

ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಚಿತ್ರವನ್ನು ಹೆಬ್ಬಾಗಿಲಲ್ಲೇ ತೂಗುಹಾಕಿಸಿದಳು. ಶತ್ರುಗಳು ಮತ್ತೆ ಆ ಕಡೆ ಬರಲಿಲ್ಲ.