ತಿಳಿಗೊಳದ ಧವಳಿ

ಕಾಡಂಚಿನಲ್ಲಿ ಒಂದು ತಿಳಿಗೊಳವಿತ್ತು, ಮಕ್ಕಳೇ. ಅದರ ದಡದಲ್ಲಿ ಧವಳಿ ಎಂಬ ಬೆಳ್ಳಕ್ಕಿ ಒಬ್ಬಳೇ ಇದ್ದಳು. ಅವಳ ಮಡಿಯೋ ಮಡಿ! ಜಿಂಕೆ ನೀರಿಗೆ ಬಂದರೆ ಗೊರಸು ತೊಳೆದು ಬಾ ಎನ್ನುವಳು. ಮೊಲ ಬಂದರೆ ಕೂದಲು ಉದುರಿಸಬೇಡ ಎನ್ನುವಳು.

ಮೊದಲೆಲ್ಲ ಅವಳು ಕಾಳವ್ವ ಎಂಬ ಎಮ್ಮೆಯ ಬೆನ್ನೇರಿ ಕಾಡೆಲ್ಲ ಸುತ್ತುತ್ತಿದ್ದಳು. ಒಂದು ದಿನ ಕಾಳವ್ವ ಬಾಲ ಬೀಸಿದಾಗ ಬಿಳಿ ರೆಕ್ಕೆಗೆ ಒಂದು ಹನಿ ಕೆಸರು ಸಿಡಿಯಿತು. ಅಷ್ಟಕ್ಕೇ ಧವಳಿ ಅವಳೊಡನೆ ಮಾತು ಬಿಟ್ಟಳು. ಬರಬರುತ್ತ ಕೊಳದ ಕಡೆ ಯಾರೂ ಸುಳಿಯದಾದರು. ನೀರೇನೋ ಕನ್ನಡಿಯಂತಾಯಿತು, ಆದರೆ ಅದರಲ್ಲಿ ಕಾಣುತ್ತಿದ್ದುದು ಅವಳ ಮುಖವೊಂದೇ.

ಒಮ್ಮೆ ಆಮೆಯಜ್ಜ ಸುದ್ದಿ ತಂದ. ನಾಳೆ ಮಧ್ಯಾಹ್ನ ಸೂರ್ಯಗ್ರಹಣ, ತಲೆಯೆತ್ತಿ ನೋಡಿದರೆ ಕಣ್ಣು ಹೋಗುತ್ತದೆ, ಎಲ್ಲರೂ ಕೂಡಿ ನೀರಿನಲ್ಲೇ ನೋಡೋಣ ಎಂದು ಸಾರುತ್ತ ಹೋದ.

ನೀರೆಂದರೆ ನನ್ನ ಕೊಳವೇ ತಾನೇ ಎಂದು ಧವಳಿಗೆ ಹಿಗ್ಗೋ ಹಿಗ್ಗು. ಬೆಳಗಾಗುತ್ತಲೇ ತರಗೆಲೆಗಳನ್ನು ಹೆಕ್ಕಿದಳು. ಜಿಂಕೆ ಇಲ್ಲಿ ನಿಲ್ಲಲಿ, ಮೊಲ ಮುಂದೆ ಕೂರಲಿ ಎಂದು ಜಾಗವನ್ನೂ ಗೊತ್ತುಮಾಡಿದಳು. ಕಾಳವ್ವ ಬಂದರೆ ಹಿಂದೆ ನಿಲ್ಲಲಿ ಎಂದುಕೊಂಡಳು.

ಬಿಸಿಲು ಮಂಕಾಗತೊಡಗಿತು. ಒಬ್ಬರೂ ಬರಲಿಲ್ಲ. ಧವಳಿ ಕೊಳಕ್ಕೆ ಬಗ್ಗಿದರೆ, ತಿಳಿನೀರಿನ ಸೂರ್ಯ ಸೂಜಿಯಂತೆ ಕಣ್ಣಿಗೆ ಚುಚ್ಚಿದ. ಅಷ್ಟರಲ್ಲಿ ದಿಬ್ಬದಾಚೆಯಿಂದ ನಗು, ಗದ್ದಲ ಕೇಳಿಸಿತು. ಮರದ ತುದಿಗೆ ಹಾರಿ ನೋಡಿದಳು. ಕಾಡಿಗೆ ಕಾಡೇ ಕಾಳವ್ವನ ಕೆಸರುಹೊಂಡದ ಸುತ್ತ ನೆರೆದಿತ್ತು. ಕದಡಿದ ನೀರಿನಲ್ಲಿ ಬೆಳಕು ತಗ್ಗಿ, ಸೂರ್ಯ ಕಚ್ಚಿಟ್ಟ ರೊಟ್ಟಿಯ ಹಾಗೆ ಕಾಣುತ್ತಿದ್ದನಂತೆ. ಎಲ್ಲರೂ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು.

ಧವಳಿಗೆ ಅಳುವೇ ಬಂತು. ಹೋಗಲೇ? ಕಾಲಿಗೆ ಕೆಸರಾದರೆ? ಕರೆಯದೆ ಹೋಗುವುದೇ? ಹೀಗೆ ಹಿಂದೆಮುಂದೆ ನೋಡುತ್ತ ಕುಳಿತಳು. ಕೊನೆಗೆ ತಡೆಯಲಾರದೆ ಹಾರಿ ಬಂದಾಗ ಗ್ರಹಣ ಬಿಟ್ಟಿತ್ತು. ಎಲ್ಲರೂ ಹರಟುತ್ತ ಮನೆ ಕಡೆ ಹೊರಟಿದ್ದರು. ಯಾರೂ ಅವಳತ್ತ ತಿರುಗಲಿಲ್ಲ.

ಹೊಂಡದಲ್ಲಿ ಕಾಳವ್ವ ಒಬ್ಬಳೇ ಮಲಗಿದ್ದಳು.

"ಈಗ ಬಂದೆಯಾ, ತಂಗಿ?" ಎಂದಳು. "ಕೋತಿಮರಿಗಳು ಬೆನ್ನ ಮೇಲೆ ಹತ್ತುತ್ತೇವೆಂದು ಹಟ ಹಿಡಿದವು. ನಾನು ಬಿಡಲಿಲ್ಲ. ನೀನು ಬರುತ್ತೀಯೆಂದು ಖಾಲಿ ಇಟ್ಟಿದ್ದೆ."

ಧವಳಿ ಹೊಂಡದ ಅಂಚಿಗೆ ಬಂದಳು. "ಮತ್ತೆ ಯಾವಾಗ ಗ್ರಹಣ, ಅಕ್ಕ?"

"ನಮ್ಮ ಕಾಲಕ್ಕೆ ಇಲ್ಲವಂತೆ. ಆಮೆಯಜ್ಜ ಹೇಳಿದ."

ಧವಳಿ ಕೆಸರಿಗೆ ಕಾಲಿಟ್ಟು, ಆ ಹಳೆಯ ಬೆನ್ನನ್ನೇರಿ ಕುಳಿತಳು. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ.

ನೀತಿ: ಹನಿ ಕೆಸರಿಗೆ ಹೇಸಿ ಜೊತೆಯವರನ್ನು ದೂರವಿಟ್ಟರೆ, ಕೂಡಿ ನೋಡುವ ಹೊತ್ತು ನಮಗಾಗಿ ಕಾಯುವುದಿಲ್ಲ.