ಮೊಗ್ಗು ಕೊಯ್ಯುವ ಹೊತ್ತು

"ಗುರುಗಳೇ, ನಾನು ಪೂರ್ತಿ ಕಲಿತಿದ್ದೇನೆ ಎಂದು ನನಗೆ ಗೊತ್ತಾಗುವುದು ಯಾವಾಗ?" ಎಂದು ಚನ್ನವೀರ ಕೇಳಿದ.

ಗುರುಗಳು ವೈದ್ಯರು. ಚನ್ನವೀರ ಹನ್ನೊಂದು ವರ್ಷದಿಂದ ಅವರ ಬಳಿ ಬೇರು ಅರೆಯುತ್ತ, ನಾಡಿ ಹಿಡಿಯುತ್ತ ಇದ್ದವನು. ಬೆಟ್ಟದಾಚೆಯ ಊರಿನಲ್ಲಿ ವೈದ್ಯರಿಲ್ಲ. ಜ್ವರ ಬಂದವರನ್ನು ಅಲ್ಲಿಯವರು ಒಂದು ಹಗಲೆಲ್ಲ ಹೊತ್ತು ಇಲ್ಲಿಗೆ ತರಬೇಕು. ಆ ಊರಿನ ಹಿರಿಯರು ಅಂದು ಬೆಳಿಗ್ಗೆ ಬಂದು, ಚನ್ನವೀರನನ್ನು ನಮಗೆ ಕಳಿಸಿಕೊಡಿ ಎಂದು ಕೈಮುಗಿದಿದ್ದರು. ಹೋದ ವರ್ಷವೂ ಬಂದಿದ್ದರು. ಆಗಲೂ ಈಗಲೂ ಅವನು ಹೇಳಿದ್ದು ಒಂದೇ ಮಾತು: "ಇನ್ನೊಂದು ವರ್ಷ ತಡೆಯಿರಿ." ಅವರು ಸಪ್ಪೆ ಮುಖ ಮಾಡಿಕೊಂಡು ಹೋದದ್ದು ಅವನನ್ನು ಚುಚ್ಚುತ್ತಿತ್ತು. ಹೋಗಬೇಕೆಂಬ ಆಸೆ ಅವನಿಗಿತ್ತು. ಆಸೆಗಿಂತ ಹೆದರಿಕೆ ಹೆಚ್ಚಿತ್ತು. ತನ್ನ ಕೈಯಲ್ಲಿ ಒಂದು ಜೀವ ಹೋದರೆ ಏನು ಗತಿ?

ಗುರುಗಳು ಕುಟ್ಟಾಣಿಯನ್ನು ಬದಿಗಿಟ್ಟು ಕತೆ ಹೇಳಿದರು.

ಹಿಮ ಬೀಳುವ ನಾಡಿನಲ್ಲಿ ಒಬ್ಬ ತೋಟಗಾರನಿದ್ದ. ಅಲ್ಲಿ ಪಿಯೋನಿ ಎಂಬ ಹೂವು ಬೆಳೆಯುತ್ತದೆ. ಒಂದೊಂದು ಹೂವೂ ಬೊಗಸೆ ತುಂಬುವಷ್ಟು ದೊಡ್ಡದು. ಆದರೆ ಅದು ಅವಸರದವರ ಗಿಡವಲ್ಲ. ಗೆಡ್ಡೆ ನೆಟ್ಟ ಮೇಲೆ ಮೂರು ವರ್ಷ ಎಲೆಯನ್ನೇ ನೋಡಿಕೊಂಡಿರಬೇಕು. ಅಷ್ಟರಲ್ಲಿ ಆಸೆ ತೋರಿಸಿ ಒಂದೆರಡು ಮೊಗ್ಗು ಬಂದರೂ, ಬೇರು ಬಲಿಯಲಿ ಎಂದು ಚಿವುಟಿ ಹಾಕಬೇಕು. ತೋಟಗಾರ ಹಾಗೆಯೇ ಮಾಡಿದ. ನಾಲ್ಕನೆಯ ವರ್ಷ ಗಿಡದ ತುಂಬ ಮೊಗ್ಗು. ಅವನು ಹಿಗ್ಗಿ ಹೀರೇಕಾಯಿಯಾದ.

ಆ ನಾಡಿನಲ್ಲಿ ಮದುವೆಮನೆಗೆ ಅದೇ ಹೂವು ಆಗಬೇಕು. ಎರಡು ದಿನದ ದಾರಿಯ ಪಟ್ಟಣದಿಂದ ಒಬ್ಬ ವರ್ತಕ ತನ್ನ ಹಿರಿಮಗಳ ಮದುವೆಗೆ ಹೂವು ಬೇಕೆಂದು ಹೇಳಿಕಳಿಸಿದ. ತೋಟಗಾರ ಬಹಳ ನಿಯತ್ತಿನವನು. ಅರಳದ ಹೂವನ್ನು ಕೊಡುವುದು, ಕಾಯಿಯನ್ನು ಹಣ್ಣೆಂದು ಕೊಟ್ಟಷ್ಟೇ ಮೋಸ ಎಂದು ಅವನು ನಂಬಿದ್ದ. ಕೊನೆಯ ಎಸಳು ಬಿರಿಯುವ ತನಕ ಕಣ್ಣಲ್ಲಿ ಕಣ್ಣಿಟ್ಟು ಕಾದ. ಆಮೇಲೆ ಕೊಯ್ದು, ಬುಟ್ಟಿಯಲ್ಲಿ ಜೋಡಿಸಿ, ಹೇಸರಗತ್ತೆಯ ಮೇಲೇರಿಸಿ ಹೊರಟ. ಮದುವೆಮನೆಯಲ್ಲಿ ಬುಟ್ಟಿ ತೆರೆದರೆ ಬೋಳು ದಂಟುಗಳು, ತಳದಲ್ಲಿ ಎಸಳಿನ ರಾಶಿ. ವರ್ತಕನ ಮಗಳು ಹೂವಿಲ್ಲದೆ ಮದುವೆಯಾದಳು.

ಮರುವರ್ಷ ತೋಟಗಾರ ಬುಟ್ಟಿಗೆ ಹತ್ತಿ ಹಾಸಿದ. ಹೂವು ಅಲುಗಬಾರದೆಂದು ಕತ್ತೆಯನ್ನು ಮೆಲ್ಲಗೆ ನಡೆಸಿ ಅದೇ ಪಟ್ಟಣದ ಸಂತೆಗೆ ಹೋದ. ಮೆಲ್ಲಗೆ ನಡೆದದ್ದಕ್ಕೆ ದಾರಿ ಮೂರು ದಿನ ಹಿಡಿಯಿತು. ಈ ಸಲ ಎಸಳುಗಳು ಉದುರಿದ್ದೂ ಅಲ್ಲದೆ ಬಾಡಿದ್ದವು.

ಅದರ ಮರುವರ್ಷ ವರ್ತಕನ ಕಿರಿಮಗಳ ಮದುವೆ. ಅವನು ಒಳ್ಳೆಯವನು, ಇನ್ನೊಮ್ಮೆ ಹೇಳಿಕಳಿಸಿದ. ತೋಟಗಾರ ಊಟ ಬಿಟ್ಟು ಗಿಡದ ಬುಡದಲ್ಲೇ ಕೂತ. ಬದುಕೆಲ್ಲ ಹೂವು ಹೊತ್ತು ಮಾರಿದ್ದ ಒಬ್ಬ ಮುದುಕಿ ಆ ದಾರಿಯಲ್ಲಿ ಬಂದಳು.

"ಯಾಕಪ್ಪಾ, ಹೀಗೆ ಕೂತಿದ್ದೀಯ?"

"ಪೂರ್ತಿ ಅರಳಲಿ ಅಂತ ಕಾಯ್ತಾ ಇದ್ದೀನಿ, ಅಜ್ಜೀ."

"ಪೂರ್ತಿ ಅರಳಿದ್ದಕ್ಕೆ ಉಳಿಯೋ ಕೆಲಸ ಒಂದೇ, ಉದುರೋದು. ಕಣ್ಣಲ್ಲಿ ನೋಡಿದ್ದು ಸಾಕು, ಮುಟ್ಟಿ ನೋಡು."

ಅವಳು ಒಂದು ಮೊಗ್ಗನ್ನು ಎರಡು ಬೆರಳಿನಿಂದ ಒತ್ತಿದಳು. ಅದು ಅಡಿಕೆಯಂತೆ ಗಟ್ಟಿಯಾಗಿತ್ತು. "ಇದನ್ನ ಕೊಯ್ದರೆ ಹೀಗೇ ಒಣಗುತ್ತೆ, ಬಿಡು" ಎಂದಳು. ಇನ್ನೊಂದನ್ನು ಒತ್ತಿದಳು. ಅದು ನಾದಿದ ಹಿಟ್ಟಿನಂತೆ ಬೆರಳಿಗೆ ಬಗ್ಗಿತು. "ಇದನ್ನ ಕೊಯ್ಯಿ. ಮಿಕ್ಕಿದ್ದು ಹೋದ ಮನೆಯ ನೀರಲ್ಲಿ ಅರಳುತ್ತೆ."

ಅರಳದ್ದನ್ನು ಕೊಡುವುದು ಮೋಸವೆಂದೇ ತೋಟಗಾರನಿಗೆ ಇನ್ನೂ ಅನ್ನಿಸುತ್ತಿತ್ತು. ಆದರೂ ಮೆತ್ತಗಿದ್ದ ಮೊಗ್ಗುಗಳನ್ನು ಆರಿಸಿ ಕೊಯ್ದ. ಮುಚ್ಚಿದ ಮೊಗ್ಗುಗಳನ್ನು ಕಂಡು ವರ್ತಕನ ಹೆಂಡತಿ ಹುಬ್ಬು ಗಂಟಿಕ್ಕಿದಳು. ತೋಟಗಾರ ತಲೆ ತಗ್ಗಿಸಿಕೊಂಡು ಅವನ್ನು ಕೊಡದ ನೀರಿನಲ್ಲಿ ಇಟ್ಟ. ಬೆಳಗಾದಾಗ ಮದುವೆಮನೆ ತುಂಬ ಹೂವು. ತನ್ನ ತೋಟದಾಚೆ ತನ್ನ ಹೂವು ಅರಳಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಯಾರಿಗೂ ಕಾಣದಂತೆ ಕಂಬದ ಹಿಂದೆ ನಿಂತು ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಹೆದರಿಕೆ ಇನ್ನೂ ಹೋಗಿರಲಿಲ್ಲ.

"ನಾನು ಇನ್ನೂ ಗಟ್ಟಿಯಾಗಿಯೇ ಇದ್ದರೆ, ಗುರುಗಳೇ?"

"ಐದು ವರ್ಷದ ಹಿಂದೆ 'ನನಗೆಲ್ಲ ಬರುತ್ತದೆ, ಕಳಿಸಿಬಿಡಿ' ಎಂದು ಹಟ ಹಿಡಿದೆಯಲ್ಲ, ಆಗ ನೀನು ಗಟ್ಟಿಯಾಗಿದ್ದೆ, ಅದಕ್ಕೇ ಕಳಿಸಲಿಲ್ಲ. ಈಗ ಒಂದು ಜೀವಕ್ಕೆ ಹೆದರುತ್ತೀಯ, ಬೆರಳಿಗೆ ಬಗ್ಗುತ್ತೀಯ."

ಚನ್ನವೀರ ಎದ್ದು, ಬೆಟ್ಟದಾಚೆಗೆ ಒಯ್ಯಲು ಬೇರುಗಳನ್ನು ಗಂಟು ಕಟ್ಟತೊಡಗಿದ.