ಬಾವಿಯ ತಳದಲ್ಲಿ ಹಾಲಯ್ಯ

ಹೂಳಿನ ಕೊನೆಯ ಬುಟ್ಟಿ ಮೇಲೆ ಹೋಯಿತು. ಹಗ್ಗ ಮತ್ತೆ ಇಳಿಯಿತು. ಹಾಲಯ್ಯ ಅದನ್ನು ಹಿಡಿಯಲಿಲ್ಲ.

ಮಠ ಬಿಟ್ಟು ಹೊರಡುವ ಶಿಷ್ಯ ಬಾವಿಯ ಹೂಳು ತೆಗೆದು ಹೋಗಬೇಕು. ಅದು ಅಲ್ಲಿಯ ರೂಢಿ. ಹೊಳೆಯಾಚೆಯ ಊರಿನವರು ತಮ್ಮ ಮಕ್ಕಳಿಗೆ ಕಲಿಸಲು ಹಾಲಯ್ಯನನ್ನು ಕೇಳಿದ್ದರು. ದೋಣಿ ದಡದಲ್ಲಿ ಕಾಯುತ್ತಿತ್ತು.

ತಳದಲ್ಲಿ ತಂಪಿತ್ತು. ಒರತೆ ಪಾದದ ಸುತ್ತ ಮೆಲ್ಲಗೆ ಏಳುತ್ತಿತ್ತು. ಆಕಾಶ ಒಂದು ತಟ್ಟೆಯಷ್ಟಾಗಿತ್ತು. ಅದರ ಅಂಚಿನಲ್ಲಿ ಗುರುಗಳ ತಲೆ ಮೂಡಿತು.

“ಊಟ ಅಲ್ಲಿಗೇ ಇಳಿಸಲೇನೋ?”

“ನಾನು ಬರುವುದಿಲ್ಲ, ಬುದ್ಧಿ.”

“ಯಾಕೆ?”

“ಆ ಮಕ್ಕಳ ಭಾರ ನನ್ನಿಂದ ಹೊರಲಾಗದು. ಇಲ್ಲಿ ಹಗುರವಾಗಿದೆ. ಭೂಮಿಯ ನಡುವಿಗೆ ಹೋದರೆ ತೂಕವೇ ಇಲ್ಲವೆಂದು ನೀವೇ ಹೇಳಿದ್ದಿರಿ.”

“ಹೇಳಿದ್ದೆ. ಮತ್ತೆ ಅರ್ಧಕ್ಕೇ ಯಾಕೆ ಕೂತೆ? ಕಣ್ಣು ಮುಚ್ಚು. ಇಳಿ.”

ಹಾಲಯ್ಯ ಕಣ್ಣು ಮುಚ್ಚಿದ. ಮನಸ್ಸಿನಲ್ಲಿ ತಳದ ಕಲ್ಲು ಸರಿದು ದಾರಿ ಬಿಟ್ಟಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿದ.

ದಾಟಿ ಬಂದ ಮಣ್ಣೆಲ್ಲ ಅವನ ಸುತ್ತ ಚಿಪ್ಪಿನಂತೆ ನಿಂತು, ಆ ಕಡೆಯ ಸೆಳೆತವನ್ನು ಈ ಕಡೆಯ ಸೆಳೆತದಿಂದ ಅಳಿಸಿಕೊಂಡಿತು. ಕಾಲ ಕೆಳಗೆ ಉಳಿದ ಭೂಮಿ ಕಿರಿದಾಗುತ್ತ ಹೋಯಿತು. ಅದರ ಎಳೆತವೂ ಸಣ್ಣದಾಯಿತು. ಕೈ ಹತ್ತಿಯಾಯಿತು. ಕೊರಳ ರುದ್ರಾಕ್ಷಿ ಎದೆ ಬಿಟ್ಟು ತೇಲಿತು.

“ಎಲ್ಲಿದ್ದೀಯ?” ಬಹಳ ದೂರದಿಂದ ಗುರುಗಳ ದನಿ.

“ನಟ್ಟನಡುವೆ, ಬುದ್ಧಿ.”

“ಭೂಮಿ ನಿನ್ನನ್ನು ಬಿಟ್ಟಿತೇ?”

“ಇಲ್ಲ. ಎಲ್ಲ ಕಡೆಯಿಂದಲೂ ಎಳೆಯುತ್ತಿದೆ. ಸಮಸಮ. ಅದಕ್ಕೇ ಎತ್ತಲೂ ಬೀಳುತ್ತಿಲ್ಲ.”

“ಸುಖವೋ?”

“ಸುಖ.”

“ಒಂದು ಹೆಜ್ಜೆ ಇಡು.”

ಹಾಲಯ್ಯ ಕಾಲು ಚಾಚಿದ. ತಗಲಲು ಏನೂ ಇರಲಿಲ್ಲ. ಇನ್ನೊಂದು ಕಾಲು ಚಾಚಿದ. ಕೆಳಗೆ ಎಂಬುದೇ ಇರಲಿಲ್ಲ. ಎತ್ತ ನೋಡಿದರೂ ಮೇಲೆಯೇ.

“ಕಾಲು ಊರುತ್ತಿಲ್ಲ, ಬುದ್ಧಿ!”

“ಹೇಗೆ ಊರೀತು? ತೂಕವೆಲ್ಲಿದೆ?”

ಅವನು ಬೆಚ್ಚಿ ಕಣ್ಣು ತೆರೆದ. ನೀರು ಮೊಣಕಾಲಿಗೆ ಬಂದಿತ್ತು. ಹಗ್ಗ ಹಿಡಿದ.

ಏರಿದಷ್ಟೂ ಮೈ ಭಾರವಾಗುತ್ತ ಬಂದಂತಿತ್ತು. ಕಟ್ಟೆ ದಾಟಿ, ತಾನೇ ತೆಗೆದ ಹೂಳಿನ ಮೇಲೆ ಏದುಸಿರು ಬಿಡುತ್ತ ನಿಂತ. ಪಾದಗಳು ಕೆಸರಿನಲ್ಲಿ ಇಳಿದವು.

“ತುಂಬ ಭಾರವಾಗಿದ್ದೇನೆ, ಬುದ್ಧಿ.”

ಗುರುಗಳು ಬಗ್ಗಿ ಅವನ ಹೆಜ್ಜೆಯ ಗುರುತನ್ನು ನೋಡಿದರು.

“ನೆಲ ನಿನ್ನನ್ನು ಹಿಡಿದುಕೊಂಡಿದೆ. ದೋಣಿಗೆ ನಡೆ.”